ತನ್ನ ಕೃತಿಗೆ ತಾನೇ ಒಡೆಯ

ಕಲಾವಿದನೊಬ್ಬನು ತನ್ನ ಮನಸ್ಸಿನಲ್ಲಿ ಮೂಡಿದ ಪಾತ್ರವೊಂದಕ್ಕೆ ರೂಪ ಕೊಡುತ್ತಾನೆ. ಹಗಲಿರುಳು ದುಡಿದು ಅದರ ಕಥೆಯನ್ನು ಚಿತ್ರಗಳಲ್ಲಿ ಬಿಡಿಸುತ್ತಾನೆ. ಆ ಕಥೆ ಅಚ್ಚಾಗುತ್ತದೆ, ಮಾರಾಟವಾಗುತ್ತದೆ, ಸಾವಿರಾರು ಜನರ ಮೆಚ್ಚುಗೆಯನ್ನು ಗಳಿಸುತ್ತದೆ. ಹಾಗಾದರೆ ಆ ಪಾತ್ರ ಯಾರ ಸ್ವತ್ತು? ಅದನ್ನು ಸೃಷ್ಟಿಸಿದವನದೋ, ಹಣ ಹಾಕಿ ಅಚ್ಚು ಮಾಡಿಸಿದವನದೋ? ಮೇಲುನೋಟಕ್ಕೆ ಸುಲಭವಾಗಿ ಕಾಣುವ ಈ ಪ್ರಶ್ನೆ ಅಮೆರಿಕದ ಚಿತ್ರಕಥೆಗಾರರ ಪಾಲಿಗೆ ಬಹುಕಾಲ ಅನ್ನದ ಪ್ರಶ್ನೆಯೂ ಮಾನದ ಪ್ರಶ್ನೆಯೂ ಆಗಿತ್ತು. ಅದಕ್ಕೆ ತಮ್ಮ ದುಡಿಮೆಯಿಂದಲೇ ಉತ್ತರ ಕೊಟ್ಟವರಲ್ಲಿ ಜೆಫ್ ಸ್ಮಿತ್ ಅವರು ಒಬ್ಬರು.

ಚಿತ್ರಕಥೆ, ಅಂದರೆ ಕಾಮಿಕ್ಸ್, ಮಕ್ಕಳಿಗೆ ಪ್ರಿಯವಾದ ಓದು. ಪುಟವನ್ನು ಹಲವು ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿ ಕಥೆಯ ಒಂದೊಂದು ಕ್ಷಣವನ್ನು ಚಿತ್ರಿಸಿ, ಪಾತ್ರಗಳ ಮಾತನ್ನು ಗುಳ್ಳೆಯಾಕಾರದ ಗೆರೆಯೊಳಗೆ ಬರೆಯುವುದು ಇದರ ಕ್ರಮ. ಓದುಗನ ಕಣ್ಣು ಒಂದು ಚೌಕದಿಂದ ಮತ್ತೊಂದಕ್ಕೆ ಜಾರಿದಂತೆ ಕಥೆ ಮುಂದುವರಿಯುತ್ತದೆ. ಐದು ನಿಮಿಷಗಳಲ್ಲಿ ಓದಿ ಮುಗಿಸುವ ಪುಟಗಳ ಹಿಂದೆ ವಾರಗಳ ಶ್ರಮವಿರುತ್ತದೆ. ಆ ಶ್ರಮ ಓದುಗನ ಕಣ್ಣಿಗೆ ಬೀಳುವುದಿಲ್ಲ. ಶ್ರಮಪಟ್ಟವನಿಗೆ ಅದರ ಫಲ ಎಷ್ಟು ಸಿಕ್ಕಿತೆಂಬುದಂತೂ ಅವನಿಗೆ ತಿಳಿಯುವುದೇ ಇಲ್ಲ.

ಈ ಮಾತಿಗೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಅಮೆರಿಕದ ಒಹಾಯೊ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಷೂಸ್ಟರ್ ಎಂಬ ಇಬ್ಬರು ಗೆಳೆಯರಿದ್ದರು. ಒಬ್ಬರು ಕಥೆ ಬರೆಯುತ್ತಿದ್ದರು, ಮತ್ತೊಬ್ಬರು ಚಿತ್ರ ಬರೆಯುತ್ತಿದ್ದರು. ಅವರಿಬ್ಬರೂ ಸೇರಿ ಸೃಷ್ಟಿಸಿದ ಸೂಪರ್‌ಮ್ಯಾನ್ ಎಂಬ ವೀರನನ್ನು ಪ್ರಕಾಶಕರು ಮತ್ತೆ ಮತ್ತೆ ತಿರಸ್ಕರಿಸಿದರು. ಕೊನೆಗೆ 1938ರಲ್ಲಿ ಒಂದು ಸಂಸ್ಥೆ ಅದನ್ನು ಸ್ವೀಕರಿಸಿತು. ಆ ಪಾತ್ರದ ಮೇಲಿನ ಸಕಲ ಹಕ್ಕುಗಳನ್ನೂ ಇಬ್ಬರೂ 130 ಡಾಲರುಗಳಿಗೆ ಬರೆದುಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತಮೂರರ ಪ್ರಾಯ. ಸೂಪರ್‌ಮ್ಯಾನ್ ಜಗತ್ಪ್ರಸಿದ್ಧನಾದನು, ಅವನ ಹೆಸರಿನಲ್ಲಿ ಪುಸ್ತಕಗಳು, ಆಟಿಕೆಗಳು, ಚಲನಚಿತ್ರಗಳು ಬಂದವು. ಆದರೆ ಅವನನ್ನು ಹೆತ್ತವರು ಮುಂದೆ ಬಡತನಕ್ಕೆ ಬಿದ್ದರು. ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಪುಸ್ತಕಗಳಿಂದ ಅವರ ಹೆಸರುಗಳೂ ಮರೆಯಾದವು. ಷೂಸ್ಟರ್ ಅವರ ದೃಷ್ಟಿ ಮಂದವಾಯಿತು. ಸೀಗೆಲ್ ಅವರು ಗುಮಾಸ್ತರ ಕೆಲಸ ಮಾಡಿ ಹೊಟ್ಟೆ ಹೊರೆದರು. ಸಾರ್ವಜನಿಕರು ಮತ್ತು ಸಹಕಲಾವಿದರು ದನಿಯೆತ್ತಿದ ಮೇಲೆ, 1975ರಲ್ಲಿ, ಇಬ್ಬರಿಗೂ ವರ್ಷಕ್ಕೆ 20,000 ಡಾಲರುಗಳ ವರ್ಷಾಶನ ಗೊತ್ತಾಯಿತು. ಹೆಸರುಗಳೂ ಮರಳಿ ಅಚ್ಚಾಗತೊಡಗಿದವು. ಆ ವೇಳೆಗೆ ಮೂವತ್ತೇಳು ವರ್ಷಗಳು ಕಳೆದುಹೋಗಿದ್ದವು.

ಇದು ಕೇವಲ ಇಬ್ಬರ ದುರದೃಷ್ಟವಾಗಿರಲಿಲ್ಲ. ಆ ಕಾಲದ ಉದ್ಯಮದ ರೀತಿಯೇ ಹಾಗಿತ್ತು. ದೊಡ್ಡ ಸಂಸ್ಥೆಗಳಲ್ಲಿ ಒಬ್ಬನು ಕಥೆ ಬರೆಯುತ್ತಿದ್ದನು, ಒಬ್ಬನು ಪೆನ್ಸಿಲಿನಲ್ಲಿ ರೇಖಿಸುತ್ತಿದ್ದನು, ಮಗದೊಬ್ಬನು ಅದರ ಮೇಲೆ ಮಸಿ ಹಚ್ಚುತ್ತಿದ್ದನು. ಪುಟಕ್ಕೆ ಇಷ್ಟೆಂದು ಕೂಲಿ ಪಡೆದು ಎಲ್ಲರೂ ಹೊರಟುಹೋಗುತ್ತಿದ್ದರು. ಕೃತಿಯ ಒಡೆತನ ಸಂಸ್ಥೆಗೆ ಸೇರುತ್ತಿತ್ತು. ಕಲಾವಿದನು ತನ್ನ ಗದ್ದೆಯಲ್ಲಿ ತಾನೇ ಕೂಲಿಯಾಳಾಗಿದ್ದನು. ಈ ಕಟ್ಟಿನಿಂದ ಹೊರಬಂದು, ಕೃತಿಯನ್ನು ತಾವೇ ರಚಿಸಿ, ತಾವೇ ಅಚ್ಚು ಹಾಕಿಸಿ, ತಾವೇ ಮಾರುವ ಕಲಾವಿದರನ್ನು ಸ್ವತಂತ್ರ ಚಿತ್ರಕಥೆಗಾರರೆಂದು ಕರೆಯುತ್ತಾರೆ. ಆ ಹೆಸರಿನಲ್ಲಿರುವ 'ಸ್ವತಂತ್ರ' ಎಂಬ ಪದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಸ್ಮಿತ್ತರ ಜೀವನ ಸ್ಪಷ್ಟವಾಗಿ ತೋರಿಸುತ್ತದೆ.

ಜೆಫ್ ಸ್ಮಿತ್ ಅವರು 1960ರಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಜನಿಸಿದರು. ಬೆಳೆದುದು ಒಹಾಯೊದ ರಾಜಧಾನಿಯಾದ ಕೊಲಂಬಸ್ ನಗರದ ಪರಿಸರದಲ್ಲಿ. ಐದು ವರ್ಷದ ಬಾಲಕನಾಗಿದ್ದಾಗಲೇ ಅವರು ದೊಡ್ಡ ಮೂಗಿನ, ಮೈಯೆಲ್ಲ ಬಿಳುಪಾದ, ಎಲುಬಿನಂತೆ ನುಣುಪಾದ ಒಂದು ವಿನೋದದ ಆಕೃತಿಯನ್ನು ಗೀಚುತ್ತಿದ್ದರು. ಮಕ್ಕಳು ಬರೆದ ಚಿತ್ರಗಳು ಸಾಮಾನ್ಯವಾಗಿ ಹಳೆಯ ಕಾಗದಗಳೊಡನೆ ಕಸಕ್ಕೆ ಸೇರುತ್ತವೆ. ಆದರೆ ಈ ಆಕೃತಿ ಬಾಲಕನೊಡನೆ ತಾನೂ ಬೆಳೆಯಿತು. ಮುಂದೆ 'ಬೋನ್' ಎಂಬ ಹೆಸರನ್ನು ಪಡೆಯಿತು. ಬೋನ್ ಎಂದರೆ ಎಲುಬು ಎಂದೇ ಅರ್ಥ. ವಾಲ್ಟ್ ಕೆಲ್ಲಿ ಅವರ 'ಪೋಗೊ', ಕಾರ್ಲ್ ಬಾರ್ಕ್ಸ್ ಅವರ ಬಾತುಕೋಳಿಗಳ ಸಾಹಸಕಥೆಗಳು ಬಾಲಕ ಜೆಫ್‌ನ ಅಚ್ಚುಮೆಚ್ಚಿನ ಓದಾಗಿದ್ದವು. ನಗಿಸುವ ಪಾತ್ರಗಳನ್ನು ಇಟ್ಟುಕೊಂಡೇ ಮಹಾಕಾವ್ಯದಂತೆ ದೀರ್ಘವಾದ ಒಂದು ಕಥೆಯನ್ನು ಏಕೆ ಹೇಳಬಾರದು ಎಂಬ ಆಸೆ ಆತನ ಮನಸ್ಸಿನಲ್ಲಿ ಬೇರೂರಿತು.

ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆಯಾದ 'ದಿ ಲ್ಯಾಂಟರ್ನ್'ನಲ್ಲಿ ಅವರ 'ಥಾರ್ನ್' ಎಂಬ ಚಿತ್ರಸರಣಿ 1982ರಿಂದ 1986ರವರೆಗೆ ಪ್ರಕಟವಾಯಿತು. ಬೋನ್ ಪಾತ್ರಗಳು ಮೊದಲು ಜನರ ಕಣ್ಣಿಗೆ ಬಿದ್ದುದು ಅಲ್ಲಿಯೇ. ಸ್ಫೂರ್ತಿ ಬಂದಾಗ ಬರೆದರಾಯಿತು ಎಂಬ ಮಾತು ಪತ್ರಿಕೆಯ ಕೆಲಸದಲ್ಲಿ ನಡೆಯುವುದಿಲ್ಲ. ಗೊತ್ತಾದ ವೇಳೆಗೆ ಚಿತ್ರವನ್ನು ಮುಗಿಸಿ ಕೊಡಲೇಬೇಕು. ಈ ಶಿಸ್ತು ಅವರಿಗೆ ಮುಂದಿನ ಬಾಳಿನ ಬುತ್ತಿಯಾಯಿತು. 1986ರಲ್ಲಿ ಗೆಳೆಯರೊಡನೆ ಕೂಡಿ ಅವರು ಕೊಲಂಬಸ್‌ನಲ್ಲಿ 'ಕ್ಯಾರೆಕ್ಟರ್ ಬಿಲ್ಡರ್ಸ್' ಎಂಬ ಅನಿಮೇಷನ್ ಸ್ಟುಡಿಯೊವನ್ನು ಸ್ಥಾಪಿಸಿದರು. ಚಲಿಸುವ ಚಿತ್ರಗಳಲ್ಲಿ ಒಂದು ಕ್ಷಣವನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ನಗುವನ್ನು ಯಾವಾಗ ಚಿಮ್ಮಿಸಬೇಕು ಎಂಬ ಕಾಲಪ್ರಜ್ಞೆಯನ್ನು ಅವರು ಅಲ್ಲಿ ರೂಢಿಸಿಕೊಂಡರು.

ಸ್ಟುಡಿಯೊದ ಕೆಲಸದಿಂದ ಜೀವನ ಸಾಗುತ್ತಿತ್ತಾದರೂ ಮನಸ್ಸು ಬೋನ್ ಕಥೆಯ ಕಡೆಗೇ ಎಳೆಯುತ್ತಿತ್ತು. ದಿನಪತ್ರಿಕೆಗಳಿಗೆ ಚಿತ್ರಸರಣಿಗಳನ್ನು ಒದಗಿಸುವ ಸಂಸ್ಥೆಗಳಿಗೆ ಅವರು ತಮ್ಮ ಚಿತ್ರಗಳನ್ನು ಕಳುಹಿಸಿದರು. ಆ ಪ್ರಯತ್ನ ಫಲಿಸಲಿಲ್ಲ. ದಿನಕ್ಕೆ ಮೂರು ನಾಲ್ಕು ಚೌಕಗಳಲ್ಲಿ ಒಂದು ನಗೆಮಾತು ಹೇಳಿ ಮುಗಿಸುವ ಪತ್ರಿಕೆಯ ಇಕ್ಕಟ್ಟಿನಲ್ಲಿ ಮಹಾಕಥೆಗೆ ಸ್ಥಳವಿರಲಿಲ್ಲ. ಇಷ್ಟಲ್ಲದೆ, ಅಂತಹ ಒಪ್ಪಂದಗಳಲ್ಲಿ ಕೃತಿಯ ಒಡೆತನವನ್ನು ಸಂಸ್ಥೆಗೆ ಒಪ್ಪಿಸುವುದು ರೂಢಿಯಾಗಿತ್ತು. ಐದನೆಯ ವಯಸ್ಸಿನಿಂದ ಸಾಕಿದ ಪಾತ್ರವನ್ನು ಪರರ ಕೈಗೆ ಕೊಡುವುದೇ, ಇಲ್ಲವೇ ಹಣವನ್ನೂ ಶ್ರಮವನ್ನೂ ಪಣಕ್ಕಿಟ್ಟು ತಾವೇ ಅಚ್ಚು ಹಾಕಿಸುವುದೇ? ಸ್ಮಿತ್ತರು ಎರಡನೆಯ ದಾರಿಯನ್ನು ಆರಿಸಿಕೊಂಡರು. ಸ್ಟುಡಿಯೊವನ್ನು ತೊರೆದು 1991ರಲ್ಲಿ 'ಕಾರ್ಟೂನ್ ಬುಕ್ಸ್' ಎಂಬ ತಮ್ಮದೇ ಪ್ರಕಾಶನವನ್ನು ಆರಂಭಿಸಿದರು.

ಒಬ್ಬ ವ್ಯಕ್ತಿ ತಾನೇ ಪ್ರಕಾಶಕನಾಗುವುದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಆ ದೇಶದ ಮಾರಾಟದ ಪದ್ಧತಿಯನ್ನು ಸ್ವಲ್ಪ ಅರಿಯಬೇಕು. ಮೊದಲು ಚಿತ್ರಕಥೆಗಳು ವೃತ್ತಪತ್ರಿಕೆಗಳ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಮಾರಾಟವಾಗದೆ ಉಳಿದ ಪ್ರತಿಗಳು ಪ್ರಕಾಶಕನ ಲೆಕ್ಕಕ್ಕೇ ಹಿಂದಿರುಗುತ್ತಿದ್ದವು. ಆ ನಷ್ಟವನ್ನು ತಾಳಿಕೊಳ್ಳಲು ದೊಡ್ಡ ಬಂಡವಾಳ ಬೇಕಾಗಿತ್ತು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಶಾಲಾ ಶಿಕ್ಷಕರೂ ಚಿತ್ರಕಥಾ ಸಮ್ಮೇಳನಗಳ ಸಂಘಟಕರೂ ಆಗಿದ್ದ ಫಿಲ್ ಸ್ಯೂಲಿಂಗ್ ಅವರು ಹೊಸದೊಂದು ಕ್ರಮವನ್ನು ರೂಢಿಗೆ ತಂದರು. ಚಿತ್ರಕಥೆಗಳನ್ನೇ ಮಾರುವ ವಿಶೇಷ ಅಂಗಡಿಗಳು ತಮಗೆ ಬೇಕಾದ ಪ್ರತಿಗಳ ಸಂಖ್ಯೆಯನ್ನು ಮುಂಚಿತವಾಗಿ ತಿಳಿಸಬೇಕು. ಹೆಚ್ಚು ರಿಯಾಯಿತಿ ಪಡೆಯಬೇಕು. ಆದರೆ ಉಳಿದ ಪ್ರತಿಗಳನ್ನು ಹಿಂದಿರುಗಿಸುವಂತಿಲ್ಲ. ಇದರಿಂದ ಎಷ್ಟು ಪ್ರತಿ ಬೇಕೆಂಬುದು ಅಚ್ಚಿನ ಮೊದಲೇ ಪ್ರಕಾಶಕನಿಗೆ ತಿಳಿಯುವಂತಾಯಿತು. ಸಣ್ಣ ಕೈಗಳಿಗೂ ಪ್ರಕಾಶನದ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಸ್ಮಿತ್ತರಿಗಿಂತ ಮೊದಲೇ ಕೆಲವರು ಒಳಹೊಕ್ಕಿದ್ದರು. ಕೆನಡಾ ದೇಶದ ಡೇವ್ ಸಿಮ್ 1977ರಲ್ಲಿ 'ಸೆರೆಬಸ್' ಪತ್ರಿಕೆಯನ್ನು ಆರಂಭಿಸಿ, ಮುಂದೆ 2004ರ ವೇಳೆಗೆ ಮುನ್ನೂರು ಸಂಚಿಕೆಗಳನ್ನು ಹೊರತಂದರು. ವೆಂಡಿ ಪೀನಿ ಮತ್ತು ರಿಚರ್ಡ್ ಪೀನಿ ದಂಪತಿಗಳು 1978ರಲ್ಲಿ 'ಎಲ್ಫ್‌ಕ್ವೆಸ್ಟ್' ಕಥೆಯನ್ನು ಪ್ರಕಟಿಸತೊಡಗಿದರು. ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಗೆಳೆಯರು 1984ರಲ್ಲಿ ಸಾಲ ತಂದು ಅಚ್ಚು ಹಾಕಿಸಿದ ಆಮೆಗಳ ಕಥೆ ಅವರಿಗೆ ಅಪಾರ ಸಂಪತ್ತನ್ನೇ ತಂದಿತು. ಅದನ್ನು ಕಂಡು ಅನೇಕರು ಹಣದಾಸೆಯಿಂದ ಕಪ್ಪುಬಿಳುಪಿನ ಪುಸ್ತಕಗಳನ್ನು ಅವಸರದಲ್ಲಿ ಹೊರತಂದರು. ಓದುಗರು ಬೇಸತ್ತರು, ಅಂಗಡಿಗಳಲ್ಲಿ ಪುಸ್ತಕಗಳು ರಾಶಿಬಿದ್ದವು, ಎಷ್ಟೋ ಸಣ್ಣ ಪ್ರಕಾಶನಗಳು ಮುಚ್ಚಿಹೋದವು. ದಾರಿ ತೆರೆದಿತ್ತು ನಿಜ. ಆದರೆ ಅದು ಬಿದ್ದವರನ್ನೂ ಕಂಡ ದಾರಿಯಾಗಿತ್ತು.

'ಬೋನ್' ಕಥೆಯ ಮೊದಲ ಸಂಚಿಕೆ 1991ರ ಜುಲೈ ತಿಂಗಳಲ್ಲಿ ಕಪ್ಪುಬಿಳುಪಿನಲ್ಲಿಯೇ ಹೊರಬಂದಿತು. ಬೋನ್‌ವಿಲ್ ಎಂಬ ಊರಿನಿಂದ ಹೊರಬಿದ್ದ ಮೂವರು ದಾಯಾದಿಗಳ ಕಥೆ ಅದು. ಫೋನ್ ಬೋನ್ ಸಹೃದಯಿ. ಫೋನಿ ಬೋನ್ ದುರಾಸೆಯ ಮೂರ್ತಿ. ಊರಿನ ಜನರ ಕೋಪಕ್ಕೆ ಗುರಿಯಾದವನೂ ಅವನೇ. ಸ್ಮೈಲಿ ಬೋನ್ ಯಾವ ಚಿಂತೆಯೂ ಇಲ್ಲದ ನಗೆಗಾರ. ಮರುಭೂಮಿಯಲ್ಲಿ ದಾರಿತಪ್ಪಿದ ಅವರು ಒಂದು ವಿಚಿತ್ರ ಕಣಿವೆಯನ್ನು ಸೇರುತ್ತಾರೆ. ಅಲ್ಲಿ ಥಾರ್ನ್ ಎಂಬ ಹುಡುಗಿಯ ಮತ್ತು ಹಸುಗಳೊಡನೆ ಓಟದ ಪಂದ್ಯ ಕಟ್ಟುವ ಅವಳ ಅಜ್ಜಿಯ ಪರಿಚಯವಾಗುತ್ತದೆ. ನಗುವಿನಿಂದ ಆರಂಭವಾದ ಕಥೆ ನಿಧಾನವಾಗಿ ರಾಜ್ಯ, ಯುದ್ಧ, ಧೈರ್ಯ, ಕರ್ತವ್ಯಗಳ ಗಂಭೀರ ವೃತ್ತಾಂತವಾಗಿ ಬೆಳೆಯುತ್ತದೆ. ಈ ಬೆಳವಣಿಗೆ ಆಕಸ್ಮಿಕವಲ್ಲ. ಕಥೆ ಎಲ್ಲಿ ಮುಗಿಯಬೇಕೆಂಬುದನ್ನು ಸ್ಮಿತ್ತರು ಮೊದಲೇ ನಿಶ್ಚಯಿಸಿಕೊಂಡಿದ್ದರು. ಬರೆದಷ್ಟು ದಿನ ಎಳೆಯುವ ಕಥೆ ಅವರಿಗೆ ಬೇಕಾಗಿರಲಿಲ್ಲ.

ಅವರ ಕುಂಚದ ಕೆಲಸವೂ ಅಷ್ಟೇ ನಿಷ್ಠೆಯದು. ಮೊದಲು ಪೆನ್ಸಿಲಿನಿಂದ ರೇಖಿಸಿ, ಬಳಿಕ ಕುಂಚವನ್ನು ಕಪ್ಪು ಮಸಿಯಲ್ಲಿ ಅದ್ದಿ ಗೆರೆಗಳನ್ನು ಎಳೆಯುವುದು ಅವರ ಪದ್ಧತಿ. ಬಣ್ಣದ ಆಸರೆಯಿಲ್ಲದ ಪುಟದಲ್ಲಿ ಗೆರೆಯ ದಪ್ಪ ಸಣ್ಣಗಳೇ ಬೆಳಕು, ನೆರಳು, ಭಾವ ಎಲ್ಲವನ್ನೂ ತೋರಬೇಕು. ಆರಂಭದ ಭಾಗದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಕಣಿವೆಗೆ ಚಳಿಗಾಲ ಬರುತ್ತದೆ. ಹಿಮವು ಹೂವಿನ ಎಸಳಿನಂತೆ ಮೆಲ್ಲಮೆಲ್ಲನೆ ಉದುರುವುದಿಲ್ಲ. ಇಡೀ ಋತುವಿನ ಹಿಮವೆಲ್ಲ ಒಂದೇ ಏಟಿಗೆ ದೊಪ್ಪನೆ ನೆಲಕ್ಕೆ ಬೀಳುತ್ತದೆ! ಹಿಂದಿನ ಚೌಕದ ನಿಶ್ಶಬ್ದ, ಮುಂದಿನ ಚೌಕದ ಬಿಳುಪು, ಇವೆರಡರ ನಡುವೆ ಓದುಗನ ನಗು ಚಿಮ್ಮುತ್ತದೆ. ಸ್ಟುಡಿಯೊದಲ್ಲಿ ಕಲಿತ ಕಾಲಪ್ರಜ್ಞೆ ಕಾಗದದ ಮೇಲೆ ಹೀಗೆ ಫಲ ಕೊಟ್ಟಿತು.

ಕಲೆಯ ಕೆಲಸ ಮುಗಿದ ಮೇಲೆ ವ್ಯಾಪಾರದ ಕೆಲಸ ಕಾದಿರುತ್ತಿತ್ತು. ಸಂಚಿಕೆ ಹೊರಬರುವುದಕ್ಕೆ ತಿಂಗಳುಗಳ ಮುಂಚೆಯೇ ಅದರ ವಿವರವನ್ನು ವಿತರಕರಿಗೆ ತಿಳಿಸಬೇಕು. ವಿತರಕರು ತಮ್ಮ ಪಟ್ಟಿಯಲ್ಲಿ ಅದನ್ನು ಪ್ರಕಟಿಸುತ್ತಾರೆ. ಅಂಗಡಿಗಳವರು ಅದನ್ನು ನೋಡಿ ಬೇಡಿಕೆ ಕಳುಹಿಸುತ್ತಾರೆ. ಬೇಡಿಕೆಯನ್ನು ಲೆಕ್ಕ ಹಾಕಿ ಮುದ್ರಣಾಲಯಕ್ಕೆ ಸಂಖ್ಯೆಯನ್ನು ತಿಳಿಸಬೇಕು. ಕಡಿಮೆ ಅಚ್ಚು ಹಾಕಿಸಿದರೆ ಓದುಗರು ನಿರಾಶರಾಗುತ್ತಾರೆ. ಹೆಚ್ಚು ಹಾಕಿಸಿದರೆ ಹಣವೆಲ್ಲ ಕಟ್ಟುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಗಡಿಯವನ ಪಾಲು, ವಿತರಕನ ಪಾಲು ಕಳೆದ ಮೇಲೆ ಮುಖಬೆಲೆಯ ಅರ್ಧಕ್ಕಿಂತಲೂ ಕಡಿಮೆ ಹಣ ಪ್ರಕಾಶಕನ ಕೈಸೇರುತ್ತದೆ. ಅಚ್ಚಿನ ಖರ್ಚು, ಸಾಗಣೆಯ ವೆಚ್ಚಗಳೆಲ್ಲ ಅದರಲ್ಲಿಯೇ ತೂಗಬೇಕು. ಉಳಿದುದೇ ಕಲಾವಿದನ ಸಂಪಾದನೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಕೊಟ್ಟ ತಿಂಗಳಿನಲ್ಲಿ ಸಂಚಿಕೆ ಅಂಗಡಿಯನ್ನು ತಲುಪಬೇಕು. ತಪ್ಪಿದರೆ ಅಂಗಡಿಯವನು ಮುಂದಿನ ಸಲ ಬೇಡಿಕೆಯನ್ನು ತಗ್ಗಿಸುತ್ತಾನೆ.

ಮೊದಮೊದಲು ಸ್ಮಿತ್ತರು ಈ ಎಲ್ಲ ಕೆಲಸಗಳನ್ನೂ ಒಬ್ಬರೇ ಹೊತ್ತರು. ಲೆಕ್ಕ ಬರೆಯಲು ಕುಳಿತರೆ ಕುಂಚ ಒಣಗುತ್ತಿತ್ತು. ಕುಂಚ ಹಿಡಿದರೆ ಪತ್ರಗಳು ರಾಶಿಬೀಳುತ್ತಿದ್ದವು. ಒಬ್ಬನೇ ಎರಡು ನೊಗಗಳಿಗೆ ಹೆಗಲು ಕೊಡಲಾರನೆಂಬುದು ಬೇಗನೆ ತಿಳಿಯಿತು. ಆಗ ಅವರ ಪತ್ನಿ ವಿಜಯಾ ಅಯ್ಯರ್ ಅವರು ಮುಂದೆ ಬಂದರು. ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಯಲ್ಲಿ ಅವರಿಗೆ ಒಳ್ಳೆಯ ಸಂಬಳದ ಉದ್ಯೋಗವಿತ್ತು. ಅದನ್ನು ಬಿಟ್ಟು ಅವರು ಕಾರ್ಟೂನ್ ಬುಕ್ಸ್‌ನ ಆಡಳಿತವನ್ನು ಕೈಗೆತ್ತಿಕೊಂಡರು. ಸಂಸಾರಕ್ಕೆ ಆಧಾರವಾಗಿದ್ದ ನಿಶ್ಚಿತವಾದ ಆದಾಯವನ್ನು ತೊರೆದು, ಕಪ್ಪುಬಿಳುಪಿನ ಒಂದು ಪುಸ್ತಕವನ್ನು ನಂಬುವುದು ಸಾಮಾನ್ಯ ಧೈರ್ಯವಲ್ಲ. ಮುದ್ರಣ, ವಿತರಣೆ, ಒಪ್ಪಂದ, ಲೆಕ್ಕಪತ್ರಗಳನ್ನು ಅವರು ವಹಿಸಿಕೊಂಡುದರಿಂದ ಸ್ಮಿತ್ತರು ಮತ್ತೆ ಚಿತ್ರದ ಮುಂದೆ ಕುಳಿತರು. ಪುಸ್ತಕದ ಮೇಲೆ ಅಚ್ಚಾಗುವ ಹೆಸರು ಒಂದೇ ಆದರೂ ಅದನ್ನು ಓದುಗನಿಗೆ ತಲುಪಿಸಿದ ಕೈಗಳು ನಾಲ್ಕು.

ದಂಪತಿಗಳು ಓದುಗರು ತಮ್ಮಲ್ಲಿಗೆ ಬರಲೆಂದು ಕಾದು ಕೂಡಲಿಲ್ಲ. ತಾವೇ ಓದುಗರ ಬಳಿಗೆ ಹೋದರು. ಊರಿಂದೂರಿಗೆ ಪ್ರಯಾಣ ಮಾಡಿ ಅಂಗಡಿಗಳವರ ಪರಿಚಯ ಮಾಡಿಕೊಂಡರು. ಸಾನ್ ಡಿಯಾಗೊ ಮೊದಲಾದ ನಗರಗಳ ಚಿತ್ರಕಥಾ ಸಮ್ಮೇಳನಗಳಲ್ಲಿ ಮೇಜು ಹಾಕಿ, ಪುಸ್ತಕಗಳನ್ನು ಜೋಡಿಸಿ, ಬಂದವರೊಡನೆ ಮಾತನಾಡಿ, ಸಹಿ ಹಾಕಿ ಕೊಟ್ಟರು. ಓದಿದವರು ಓದದವರಿಗೆ ಹೇಳಿದರು. 1993ರಲ್ಲಿ ಚಿತ್ರಕಥಾ ಕ್ಷೇತ್ರದ ಪ್ರತಿಷ್ಠಿತ ಐಸ್ನರ್ ಪ್ರಶಸ್ತಿ 'ಬೋನ್'ಗೆ ಮೊದಲ ಬಾರಿ ಬಂದಿತು. ಮುಂದಿನ ವರ್ಷಗಳಲ್ಲಿ ಒಟ್ಟು ಹತ್ತು ಐಸ್ನರ್ ಪ್ರಶಸ್ತಿಗಳೂ ಹನ್ನೊಂದು ಹಾರ್ವಿ ಪ್ರಶಸ್ತಿಗಳೂ ಅದಕ್ಕೆ ಸಂದವು. ಅದೇ 1993ರಲ್ಲಿ ಮೊದಲ ಸಂಚಿಕೆಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿ ಪ್ರಕಟಿಸಿದರು. ಇದು ಜಾಣತನದ ನಡೆ. ಪತ್ರಿಕೆಯ ಸಂಚಿಕೆ ಒಂದು ತಿಂಗಳು ಮಾರಾಟವಾಗಿ ಮರೆಯಾಗುತ್ತದೆ. ಪುಸ್ತಕ ಕಪಾಟಿನಲ್ಲಿ ನಿಲ್ಲುತ್ತದೆ. ಹತ್ತು ವರ್ಷಗಳ ಬಳಿಕ ಹುಟ್ಟಿದ ಓದುಗನಿಗೂ ಕಥೆಯ ಮೊದಲ ಪುಟದಿಂದ ಆರಂಭಿಸಲು ಅವಕಾಶ ಕೊಡುತ್ತದೆ.

ಏಳಿಗೆಯ ನಡುವೆ ಎಡರುಗಳೂ ಬಂದವು. 1990ರ ದಶಕದ ಮಧ್ಯದಲ್ಲಿ ವಿತರಣೆಯ ವ್ಯವಸ್ಥೆಯೇ ಅಲ್ಲೋಲಕಲ್ಲೋಲವಾಯಿತು. ದೊಡ್ಡ ಪ್ರಕಾಶಕರು ಒಬ್ಬೊಬ್ಬ ವಿತರಕನೊಡನೆ ಮಾತ್ರ ವ್ಯವಹರಿಸತೊಡಗಿದ್ದರಿಂದ ಉಳಿದ ವಿತರಕರು ಕುಸಿದರು. ಅವರನ್ನು ನಂಬಿದ್ದ ಸಣ್ಣ ಪ್ರಕಾಶಕರ ನೆಲವೂ ಅಲುಗಿತು. ಬಹುಸಂಖ್ಯೆಯ ಅಂಗಡಿಗಳೂ ಮುಚ್ಚಿದವು. ಆ ಬಿರುಗಾಳಿಯಲ್ಲಿ 'ಬೋನ್' ಕಥೆಯ 21ರಿಂದ 27ರವರೆಗಿನ ಸಂಚಿಕೆಗಳು ಇಮೇಜ್ ಕಾಮಿಕ್ಸ್ ಎಂಬ ದೊಡ್ಡ ಪ್ರಕಾಶನದ ಹೆಸರಿನಲ್ಲಿ ಹೊರಬಂದವು. ಆಗಲೂ ಕೃತಿಯ ಒಡೆತನವನ್ನು ಸ್ಮಿತ್ತರು ಬಿಟ್ಟುಕೊಡಲಿಲ್ಲ. ಬಳಿಕ 'ಬೋನ್' ತನ್ನ ಮನೆಯಾದ ಕಾರ್ಟೂನ್ ಬುಕ್ಸ್‌ಗೆ ಹಿಂದಿರುಗಿತು. ಮಳೆ ಬಂದಾಗ ನೆರೆಮನೆಯ ಜಗಲಿಯಲ್ಲಿ ನಿಲ್ಲುವುದು ಬೇರೆ, ಸ್ವಂತ ಮನೆಯನ್ನು ಮಾರುವುದು ಬೇರೆ.

ಹೀಗೆ ಹದಿಮೂರು ವರ್ಷಗಳು ಉರುಳಿದವು. 2004ರಲ್ಲಿ ಐವತ್ತೈದನೆಯ ಸಂಚಿಕೆಯೊಡನೆ ಕಥೆ ಸಮಾಪ್ತವಾಯಿತು. ಇಡೀ ಕಥೆಯನ್ನು ಅದೇ ವರ್ಷ ಒಂದೇ ಸಂಪುಟವಾಗಿ ಹೊರತಂದರು. ಅದರಲ್ಲಿ 1,300ಕ್ಕೂ ಹೆಚ್ಚು ಪುಟಗಳಿವೆ. ಹದಿಮೂರು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ನೂರು ಪುಟಗಳಾಗುತ್ತವೆ. ವಾರಕ್ಕೆ ಸುಮಾರು ಎರಡು ಪುಟಗಳು. ಇದೇನು ಮಹಾ ಎನ್ನಿಸಬಹುದು. ಆದರೆ ಹದಿಮೂರು ವರ್ಷಗಳ ಕಾಲ, ಸೋಲಿನ ಭಯವಿದ್ದಾಗಲೂ ಹೊಗಳಿಕೆಯ ಅಮಲಿದ್ದಾಗಲೂ, ವಾರ ವಾರವೂ ಅದೇ ಕಥೆಯ ಎರಡೆರಡು ಪುಟಗಳನ್ನು ಅದೇ ಶ್ರದ್ಧೆಯಿಂದ ಬರೆಯುವುದು ಎಷ್ಟು ಜನರಿಂದ ಸಾಧ್ಯ? ಹನಿಗೂಡಿ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದು.

ಕಥೆ ಮುಗಿದ ಮೇಲೆ ಒಡೆತನದ ನಿಜವಾದ ಫಲ ಕಾಣಿಸಿತು. 2005ರಲ್ಲಿ ಸ್ಕೊಲಾಸ್ಟಿಕ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಮಕ್ಕಳಿಗಾಗಿ ಚಿತ್ರಕಾದಂಬರಿಗಳ ಹೊಸ ಮಾಲೆಯೊಂದನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡುದು 'ಬೋನ್' ಕೃತಿಯನ್ನೇ. ಸ್ಟೀವ್ ಹಮಾಕರ್ ಅವರು ಬಣ್ಣ ತುಂಬಿದ ಒಂಬತ್ತು ಸಂಪುಟಗಳು ಶಾಲೆಗಳನ್ನೂ ಗ್ರಂಥಾಲಯಗಳನ್ನೂ ತಲುಪಿದವು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಇಲ್ಲಿ ಸೀಗೆಲ್ ಮತ್ತು ಷೂಸ್ಟರ್ ಅವರ ನೆನಪು ಬಾರದಿರದು. ಅದೇ ಒಹಾಯೊದ ಆ ತರುಣರು 1938ರಲ್ಲಿ ಬರೆದುಕೊಟ್ಟುದು ತಮ್ಮ ಸರ್ವಸ್ವವನ್ನು. ಸ್ಮಿತ್ತರು ಕೊಟ್ಟುದು ಅಚ್ಚು ಹಾಕುವ ಅನುಮತಿಯನ್ನು ಮಾತ್ರ. ಮರವನ್ನೇ ಮಾರಿದವನಿಗೂ ಮರವನ್ನು ಉಳಿಸಿಕೊಂಡು ಹಣ್ಣನ್ನು ಮಾರಿದವನಿಗೂ ಇರುವ ಅಂತರ ಇದು.

ಹೆಸರು ಬಂದಿತೆಂದು ಸ್ಮಿತ್ತರು ಕುಂಚವನ್ನು ಕೆಳಗಿಡಲಿಲ್ಲ. 2008ರಿಂದ 2012ರವರೆಗೆ 'ರಾಸಲ್' ಎಂಬ ಮತ್ತೊಂದು ಕಥೆಯನ್ನು ತಮ್ಮ ಪ್ರಕಾಶನದಿಂದಲೇ ಹೊರತಂದರು. 2021ರಲ್ಲಿ ಆದಿಮಾನವರ ಕಾಲದ 'ಟೂಕಿ' ಎಂಬ ಕಥೆಯನ್ನು ಪುಸ್ತಕವಾಗಿ ತರುವಾಗ ಅಂತರ್ಜಾಲದ ಮೂಲಕ ಓದುಗರಿಂದಲೇ ಮುಂಗಡ ಹಣ ಸಂಗ್ರಹಿಸಿದರು. ಅಚ್ಚಿಗೆ ಮೊದಲೇ ಬೇಡಿಕೆಯನ್ನು ತಿಳಿಯುವ ಹಳೆಯ ತತ್ತ್ವಕ್ಕೆ ಇದು ಹೊಸ ಉಡುಗೆ. ಇಂತಹ ಉಪಾಯಗಳ ಅಗತ್ಯವೂ ಹೆಚ್ಚಿತು. ಹಲವು ದಶಕಗಳ ಕಾಲ ಆ ದೇಶದ ಅಂಗಡಿಗಳಿಗೆ ಚಿತ್ರಕಥೆಗಳನ್ನು ಒದಗಿಸುತ್ತಿದ್ದ ಡೈಮಂಡ್ ಎಂಬ ವಿತರಣಾ ಸಂಸ್ಥೆಯೇ 2025ರ ಜನವರಿಯಲ್ಲಿ ದಿವಾಳಿತನದ ಅರ್ಜಿ ಸಲ್ಲಿಸಿತು. ಒಂದೇ ಕಂಬವನ್ನು ನಂಬಿ ಕಟ್ಟಿದ ಮನೆ ಎಂದಿಗೂ ಭದ್ರವಲ್ಲ. ತಾವು ಏರಿದ ದಾರಿಯಲ್ಲಿ ಮುಂದೆ ಬರುವವರಿಗೂ ನೆರಳಿರಲೆಂದು, 2015ರಲ್ಲಿ ಕೊಲಂಬಸ್ ನಗರದಲ್ಲಿ ಆರಂಭವಾದ ಚಿತ್ರಕಥಾ ಉತ್ಸವದ ಸ್ಥಾಪನೆಯಲ್ಲಿ ಸ್ಮಿತ್ ದಂಪತಿಗಳು ಪಾಲುಗೊಂಡರು. ಹೊಸ ಕಲಾವಿದರು ಅಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಓದುಗರ ಕೈಗೆ ಕೊಡುತ್ತಾರೆ.

ಸ್ವತಂತ್ರವಾಗಿ ದುಡಿದವರೆಲ್ಲರೂ ಸ್ಮಿತ್ತರಂತೆ ಯಶಸ್ಸನ್ನು ಕಾಣುವರೆಂದು ಹೇಳಲಾಗದು. ಅವರಷ್ಟೇ ಶ್ರಮಪಟ್ಟು, ಅಚ್ಚಿನ ಸಾಲವನ್ನು ತೀರಿಸಲಾಗದೆ ಬೇರೆ ಉದ್ಯೋಗಗಳಿಗೆ ಮರಳಿದವರ ಸಂಖ್ಯೆ ಸಣ್ಣದಲ್ಲ. ಹಗಲು ಪರರ ಕೆಲಸ ಮಾಡಿ, ರಾತ್ರಿ ತಮ್ಮ ಪುಟವನ್ನು ಬರೆಯುವ ಕಲಾವಿದರು ಇಂದಿಗೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಸ್ವಾತಂತ್ರ್ಯ ಗೆಲುವಿನ ಭರವಸೆಯನ್ನು ಕೊಡುವುದಿಲ್ಲ. ಗೆದ್ದರೆ ಗೆಲುವು ತನ್ನದು, ಸೋತರೆ ಸೋಲೂ ತನ್ನದು ಎಂಬ ಹೊಣೆಯನ್ನು ಮಾತ್ರ ಅದು ಕೊಡುತ್ತದೆ. ಆ ಹೊಣೆಯನ್ನು ಹೊರಲು ಪ್ರತಿಭೆಯೊಂದೇ ಸಾಲದು. ಲೆಕ್ಕದಲ್ಲಿ ಎಚ್ಚರ, ಮಾತಿನಲ್ಲಿ ನಿಷ್ಠೆ, ಜೊತೆಗಾರರಲ್ಲಿ ವಿಶ್ವಾಸ, ಕೆಲಸದಲ್ಲಿ ದೀರ್ಘವಾದ ತಾಳ್ಮೆ ಇವೆಲ್ಲವೂ ಬೇಕು. ಕುಂಚವನ್ನು ಹಿಡಿದ ಕೈಯೇ ಕಟ್ಟುಗಳನ್ನೂ ಹೊರಬೇಕು. ಹೊರಲು ಒಪ್ಪಿದವನು ತನ್ನ ಕೃತಿಗೆ ತಾನೇ ಒಡೆಯನಾಗಿರುತ್ತಾನೆ.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ:
1. ಸೀಗೆಲ್ ಮತ್ತು ಷೂಸ್ಟರ್ ಅವರು ಸೂಪರ್‌ಮ್ಯಾನ್ ಪಾತ್ರದ ಹಕ್ಕುಗಳನ್ನು ಎಷ್ಟು ಹಣಕ್ಕೆ ಬರೆದುಕೊಟ್ಟರು?
2. 'ಥಾರ್ನ್' ಚಿತ್ರಸರಣಿ ಯಾವ ಪತ್ರಿಕೆಯಲ್ಲಿ ಪ್ರಕಟವಾಯಿತು?
3. 'ಬೋನ್' ಕಥೆ ಎಷ್ಟು ಸಂಚಿಕೆಗಳಲ್ಲಿ ಮುಗಿಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ಫಿಲ್ ಸ್ಯೂಲಿಂಗ್ ಅವರು ರೂಢಿಗೆ ತಂದ ಕ್ರಮದಿಂದ ಸಣ್ಣ ಪ್ರಕಾಶಕರಿಗೆ ಯಾವ ಅನುಕೂಲವಾಯಿತು?
2. ವಿಜಯಾ ಅಯ್ಯರ್ ಅವರ ನಿರ್ಧಾರ ಸಾಮಾನ್ಯ ಧೈರ್ಯದ್ದಲ್ಲ, ಏಕೆ?
3. ಸಂಚಿಕೆಗಳನ್ನು ಪುಸ್ತಕವಾಗಿ ಪ್ರಕಟಿಸಿದುದು ಜಾಣತನದ ನಡೆ ಎಂದು ಹೇಳಲು ಕಾರಣವೇನು?

ಇ. ಸಂದರ್ಭದೊಡನೆ ವಿವರಿಸಿರಿ:
1. "ಕಲಾವಿದನು ತನ್ನ ಗದ್ದೆಯಲ್ಲಿ ತಾನೇ ಕೂಲಿಯಾಳಾಗಿದ್ದನು."
2. "ಮರವನ್ನೇ ಮಾರಿದವನಿಗೂ ಮರವನ್ನು ಉಳಿಸಿಕೊಂಡು ಹಣ್ಣನ್ನು ಮಾರಿದವನಿಗೂ ಇರುವ ಅಂತರ ಇದು."

ಈ. 'ಹನಿಗೂಡಿ ಹಳ್ಳ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.